ಸ್ವಾಧೀನ ನೆಲೆಯಿಂದ ಸೇವಾಧೀನ ನೆಲೆಗೆ: ಸ್ವಯಂಚಾಲಿತ ಏಜೆಂಟಿನ ಸ್ಥಳಾಂತರವೂ ‘ಭೂಮಿ’ಯ ಪೂರ್ವಾನುಭವವೂ

೧. ವಿಷಯಪ್ರವೇಶ

ಲೆಕ್ಕ ಮಾಡುವ ಕೆಲಸವನ್ನೂ ಪ್ರತಿ ತೆಗೆಯುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿ ಬಹಳ ಕಾಲವಾಯಿತು. ಮುಂದಿನ ಹೆಜ್ಜೆ ಯಾವುದೆಂದು ನಿರ್ಧರಿಸುವ ಕೆಲಸವನ್ನೂ ಅದಕ್ಕೆ ಒಪ್ಪಿಸುವ ಪದ್ಧತಿ ಮಾತ್ರ ಈಚಿನ ಕೆಲವೇ ವರ್ಷಗಳದು. ಕೃತಕ ಬುದ್ಧಿಮತ್ತೆಯ ಭಾಷಾಮಾದರಿಯನ್ನು ಆಧಾರವಾಗಿಟ್ಟುಕೊಂಡು, ಬಂದ ಪತ್ರವನ್ನು ಓದಿ, ಅದರ ಅರ್ಥವನ್ನು ಗ್ರಹಿಸಿ, ತಕ್ಕ ವಹಿಯಲ್ಲಿ ನಮೂದಿಸಿ, ಉತ್ತರವನ್ನೂ ಕಳುಹಿಸುವ ಕಾರ್ಯಕ್ರಮಕ್ಕೆ ‘ಏಜೆಂಟ್’ ಎಂಬ ಹೆಸರು ರೂಢಿಗೆ ಬಂದಿದೆ. ಒಬ್ಬರ ಪರವಾಗಿ ವ್ಯವಹರಿಸುವವನು ಎಂಬ ಹಳೆಯ ಅರ್ಥವೇ ಇಲ್ಲಿಯೂ ಸಲ್ಲುತ್ತದೆ.

ಇಂತಹ ಏಜೆಂಟನ್ನು ಒಂದು ಸಂಸ್ಥೆಯು ತನ್ನ ಕಟ್ಟಡದಲ್ಲಿರುವ, ತನ್ನ ಸಿಬ್ಬಂದಿಯೇ ನೋಡಿಕೊಳ್ಳುವ ಕಂಪ್ಯೂಟರಿನಲ್ಲಿ ನಡೆಸಬಹುದು. ಈ ಏರ್ಪಾಡನ್ನು ಪ್ರಸ್ತುತ ಲೇಖನದಲ್ಲಿ ‘ಸ್ವಾಧೀನ ನೆಲೆ’ ಎಂದು ಕರೆದಿದೆ. ಯಂತ್ರದ ಪಾಲನೆ, ತಿದ್ದುಪಡಿ, ಕಾವಲು ಮುಂತಾದುವನ್ನು ಶುಲ್ಕ ಪಡೆದು ವಹಿಸಿಕೊಳ್ಳುವ ಮತ್ತೊಂದು ಸಂಸ್ಥೆಯ ಸರ್ವರಿನಲ್ಲಿ ಅದನ್ನು ಇರಿಸಲೂಬಹುದು. ಇದು ‘ಸೇವಾಧೀನ ನೆಲೆ’. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕೆ, ಹೋಗುವುದಾದರೆ ಯಾವುದನ್ನು ಸಾಗಿಸಬಹುದು, ಯಾವುದನ್ನು ಎಂದಿಗೂ ಬಿಟ್ಟುಕೊಡಬಾರದು ಎಂಬ ಪ್ರಶ್ನೆಗಳು ಇಂದು ಕಾಲೇಜುಗಳ ಮತ್ತು ಕಚೇರಿಗಳ ಮುಂದಿವೆ.

ಇವು ತೋರುವಷ್ಟು ಹೊಸ ಪ್ರಶ್ನೆಗಳಲ್ಲ. ಬೆಂಗಳೂರು ಗ್ರಾಮಾಂತರ ಪ್ರದೇಶದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಭೂದಾಖಲೆಗಳು ಕಳೆದ ಅರುವತ್ತು ವರ್ಷಗಳಲ್ಲಿ ಇದೇ ಬಗೆಯ ಸ್ಥಳಾಂತರಗಳನ್ನು ಒಂದಕ್ಕಿಂತ ಹೆಚ್ಚು ಸಲ ಕಂಡಿವೆ. ಆ ಅನುಭವವನ್ನು ಮುಂದಿಟ್ಟುಕೊಂಡು ಏಜೆಂಟಿನ ಸ್ಥಳಾಂತರವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೨. ಏಜೆಂಟಿನ ಅಂಗಗಳು

ಸ್ಥಳಾಂತರವನ್ನು ಅರಿಯಬೇಕಾದರೆ ಸಾಗಿಸುವ ವಸ್ತುವಿನ ಅಂಗಗಳನ್ನು ಮೊದಲು ಅರಿಯಬೇಕು. ಏಜೆಂಟಿಗೆ ಸ್ಥೂಲವಾಗಿ ಆರು ಅಂಗಗಳುಂಟು. ಮೊದಲನೆಯದು ಭಾಷಾಮಾದರಿ, ಓದುವುದೂ ಮುಂದಿನ ಹೆಜ್ಜೆಯನ್ನು ಸೂಚಿಸುವುದೂ ಇದರ ಕೆಲಸ. ಎರಡನೆಯದು ಕಾರ್ಯಸೂತ್ರ; ಯಾವ ಸಂದರ್ಭದಲ್ಲಿ ಏನು ನಡೆಯಬೇಕೆಂದು ಮನುಷ್ಯರು ಬರೆದಿಟ್ಟ ಕ್ರಮ ಇದು. ಮೂರನೆಯದು ಸಾಧನಗಳು, ಎಂದರೆ ಇ-ಮೇಲ್, ದತ್ತಸಂಚಯ, ಸಂದೇಶ ಸೇವೆ ಮೊದಲಾದುವುಗಳೊಡನೆ ಇರುವ ಸಂಪರ್ಕ. ನಾಲ್ಕನೆಯದು ಕೀಲಿಗಳು, ಆ ಸಂಪರ್ಕಗಳನ್ನು ತೆರೆಯುವ ಗುಪ್ತಪದಗಳೂ ಪರವಾನಗಿಗಳೂ ಇದರಲ್ಲಿ ಸೇರುತ್ತವೆ. ಐದನೆಯದು ನೆನಪು, ಹಿಂದಿನ ವ್ಯವಹಾರಗಳ ಸಂಗ್ರಹ. ಆರನೆಯದು ದಿನಚರಿ, ಏಜೆಂಟು ಯಾವಾಗ ಏನು ಮಾಡಿತೆಂಬುದರ ಸಾಕ್ಷ್ಯ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ತಮ್ಮ ಏಜೆಂಟು ಸ್ವಾಧೀನ ನೆಲೆಯಲ್ಲಿದೆ ಎಂದು ಭಾವಿಸುವ ಅನೇಕ ಸಂಸ್ಥೆಗಳಲ್ಲಿ ಕಾರ್ಯಸೂತ್ರವೂ ಕೀಲಿಗಳೂ ಮಾತ್ರ ಮನೆಯೊಳಗಿದ್ದು, ಭಾಷಾಮಾದರಿಯು ದೂರದ ಒಂದು ಕಂಪನಿಯ ಸರ್ವರಿನಲ್ಲಿರುತ್ತದೆ. ಓದಬೇಕಾದ ಪತ್ರವು ಪ್ರತಿ ಸಲವೂ ಅಲ್ಲಿಗೆ ಹೋಗಿ ಬರುತ್ತದೆ. ಹೀಗಿರಲಾಗಿ, ಪತ್ರಗಳ ಗೋಪ್ಯತೆಯ ದೃಷ್ಟಿಯಿಂದ ಅವರು ಈಗಾಗಲೇ ಅರ್ಧ ಸ್ಥಳಾಂತರ ಮಾಡಿರುತ್ತಾರೆ. ಮಾದರಿಯನ್ನೂ ಮನೆಯಲ್ಲಿಯೇ ಇಡಬೇಕಾದರೆ ಮುಕ್ತವಾಗಿ ದೊರೆಯುವ ಮಾದರಿಯೊಂದನ್ನು ಆರಿಸಿಕೊಳ್ಳಬೇಕು. ೮೦೦ ಕೋಟಿ ಸಂಖ್ಯಾಂಶಗಳುಳ್ಳ ಒಂದು ಸಣ್ಣ ಮಾದರಿಯಲ್ಲಿ ಪ್ರತಿ ಸಂಖ್ಯೆಗೂ ೧೬ ಬಿಟ್‌ಗಳಂತೆ ಹಿಡಿದರೆ ಅದನ್ನು ಇರಿಸುವುದಕ್ಕೇ ೧೬ ಗಿಗಾಬೈಟ್ ಸ್ಮರಣಸ್ಥಳ ಬೇಕಾಗುತ್ತದೆ. ೪ ಬಿಟ್‌ಗಳಿಗೆ ಸಂಕ್ಷೇಪಿಸಿದರೆ ಸುಮಾರು ೪ ಗಿಗಾಬೈಟ್ ಸಾಕು, ಆದರೆ ನಿಖರತೆ ಸ್ವಲ್ಪಮಟ್ಟಿಗೆ ಕುಗ್ಗಬಹುದು. ದೊಡ್ಡ ಮಾದರಿಗಳ ಹೊರೆ ಸಾಮಾನ್ಯ ಕಾಲೇಜೊಂದರ ಪ್ರಯೋಗಶಾಲೆಯ ಶಕ್ತಿಯನ್ನು ಮೀರುತ್ತದೆ.

೩. ಶಾನುಭೋಗರ ದಫ್ತರದಿಂದ ದತ್ತಕೇಂದ್ರದವರೆಗೆ

ಹಳ್ಳಿಯ ಜಮೀನಿನ ಲೆಕ್ಕವು ಬಹುಕಾಲ ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ವಶದಲ್ಲಿತ್ತು. ದಫ್ತರವು ಅವರ ಮನೆಯಲ್ಲಿಯೇ ಇರುತ್ತಿದ್ದುದು ಸಾಮಾನ್ಯ. ಈ ವ್ಯವಸ್ಥೆಯ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದುವು. ಊರಿನ ಪ್ರತಿಯೊಂದು ಬದುವನ್ನೂ ಬಲ್ಲವನು ಲೆಕ್ಕ ಬರೆಯುತ್ತಿದ್ದನು. ಆದರೆ ಲೆಕ್ಕವನ್ನು ಓದಬಲ್ಲವನೂ ತಿದ್ದಬಲ್ಲವನೂ ಅವನೊಬ್ಬನೇ. ೧೯೬೧ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ೧೯೬೩ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯ ಹುದ್ದೆಗಳು ಹೋಗಿ, ದಾಖಲೆಯು ಸಂಬಳದ ಗ್ರಾಮಲೆಕ್ಕಿಗರ ಕೈಗೆ ಬಂತು. ಇದನ್ನು ಮೊದಲನೆಯ ಸ್ಥಳಾಂತರವೆನ್ನಬಹುದು.

ಎರಡನೆಯದು ‘ಭೂಮಿ’ ಯೋಜನೆ. ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯನ್ನು ಜನರು ಪಹಣಿಯೆಂದೂ ಕಚೇರಿಯವರು ಆರ್.ಟಿ.ಸಿ. ಎಂದೂ ಕರೆಯುತ್ತಾರೆ. ಸುಮಾರು ೯,೦೦೦ ಗ್ರಾಮಲೆಕ್ಕಿಗರು ಕೈಬರಹದಲ್ಲಿ ಇಟ್ಟಿದ್ದ ಸುಮಾರು ೨ ಕೋಟಿ ಪಹಣಿಗಳನ್ನು ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ ಗಣಕೀಕರಿಸಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು ಈ ಕಾರ್ಯದೊಡನೆ ಸೇರಿಕೊಂಡಿದೆ. ಈ ಶತಮಾನದ ಆರಂಭದ ವೇಳೆಗೆ ರಾಜ್ಯದ ೧೭೭ ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳು ತೆರೆದುವು. ೧೫ ರೂಪಾಯಿ ಕೊಟ್ಟು ಪಹಣಿಯ ಪ್ರತಿಯನ್ನು ಪಡೆಯಬಹುದಾಯಿತು. ಆಗ ಎಂಟು ತಾಲ್ಲೂಕುಗಳಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ ಇದರಲ್ಲಿ ಸೇರಿತ್ತು. ೨೦೦೭ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಮೇಲೆ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಉಳಿದುವು.

ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಸಂಗತಿಯೆಂದರೆ, ಮೊದಲ ಘಟ್ಟದಲ್ಲಿ ಪ್ರತಿ ತಾಲ್ಲೂಕು ಕಚೇರಿಯೂ ತನ್ನ ಸರ್ವರನ್ನು ತಾನೇ ಇಟ್ಟುಕೊಂಡಿತ್ತು. ಅದು ಅಕ್ಷರಶಃ ಸ್ವಾಧೀನ ನೆಲೆ. ಮುಂದೆ ರಾಜ್ಯವ್ಯಾಪಿ ಸಂಪರ್ಕಜಾಲ ಏರ್ಪಟ್ಟಂತೆ ಈ ದತ್ತವು ರಾಜ್ಯ ದತ್ತಕೇಂದ್ರದಲ್ಲಿ ಒಂದುಗೂಡಿತು. ಇದು ಮೂರನೆಯ ಸ್ಥಳಾಂತರ. ಇಂದು ನೆಲಮಂಗಲದ ಒಂದು ಪಹಣಿಯನ್ನು ನೋಡಲು ನೆಲಮಂಗಲದಲ್ಲಿಯೇ ಇರಬೇಕಾದ ಅಗತ್ಯವಿಲ್ಲ.

ಈ ಸ್ಥಳಾಂತರಗಳಲ್ಲಿ ಅನುಸರಿಸಿದ ಮೂರು ಕ್ರಮಗಳು ನಮಗೆ ಪಾಠವಾಗತಕ್ಕವು. ಮೊದಲನೆಯದು ತಾಳೆ ನೋಡುವ ಕ್ರಮ: ಗಣಕಕ್ಕೆ ತುಂಬಿದ ದಾಖಲೆಗಳ ಮುದ್ರಿತ ಪ್ರತಿಗಳನ್ನು ಮೂಲ ಪುಸ್ತಕವನ್ನು ಬರೆದ ಗ್ರಾಮಲೆಕ್ಕಿಗರಿಂದಲೇ ಪರೀಕ್ಷಿಸಿ ತಿದ್ದಿಸಲಾಯಿತು. ಎರಡನೆಯದು ಏಕಮೂಲದ ಕ್ರಮ: ಗಣಕದ ಪಹಣಿ ವಿತರಣೆ ಆರಂಭವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನು ನಿಲ್ಲಿಸಲಾಯಿತು. ಎರಡು ಪಹಣಿಗಳು ಏಕಕಾಲದಲ್ಲಿ ಊರ್ಜಿತವಾಗಿದ್ದರೆ ಒಂದು ಜಮೀನಿಗೆ ಇಬ್ಬರು ಒಡೆಯರು ಹುಟ್ಟುವರೆಂಬುದು ಸ್ಪಷ್ಟ. ಮೂರನೆಯದು ಸಹಿಯ ಕ್ರಮ: ದಾಖಲೆಯನ್ನು ಬದಲಿಸುವ ಸಿಬ್ಬಂದಿ ಬೆರಳಚ್ಚಿನ ಮೂಲಕ ತಮ್ಮ ಗುರುತನ್ನು ಸ್ಥಾಪಿಸಬೇಕಾಗಿತ್ತು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಮಾಡಿತ್ತು. ಯಾರು, ಯಾವಾಗ, ಯಾವ ಸರದಿಯಲ್ಲಿ ಎಂಬ ಮೂರಕ್ಕೂ ಉತ್ತರ ದೊರೆಯುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳುವುದು ನ್ಯಾಯ. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಹಸಂಶೋಧಕರು, ದಾಖಲೆಯ ಮೇಲಣ ಹಿಡಿತವು ಹಳ್ಳಿಯಿಂದ ಮೇಲಿನ ಹಂತಕ್ಕೆ ಏರಿದ್ದರಿಂದ ಲಂಚವು ಅಳಿಯಲಿಲ್ಲವೆಂದೂ, ಬೆಂಗಳೂರಿನ ಸುತ್ತಲಿನ ಜಮೀನಿನ ವಿವರಗಳು ದೊಡ್ಡ ಕೊಳ್ಳುಗರಿಗೆ ಸುಲಭವಾಗಿ ಎಟುಕುವಂತಾಯಿತೆಂದೂ ವಾದಿಸಿದರು. ಈ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪಬಹುದು, ಒಪ್ಪದಿರಬಹುದು. ದಾಖಲೆಯ ನೆಲೆ ಬದಲಾದರೆ ಅಧಿಕಾರದ ನೆಲೆಯೂ ಬದಲಾಗುತ್ತದೆ ಎಂಬ ತಥ್ಯವನ್ನು ಮಾತ್ರ ಅಲ್ಲಗಳೆಯಲಾಗದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಗ್ರಾಮಗಳ ೧,೭೭೭ ಎಕರೆ ಜಮೀನಿನ ಸ್ವಾಧೀನದ ವಿರುದ್ಧ ರೈತರು ೨೦೨೨ರಿಂದ ನಡೆಸಿದ ಹೋರಾಟವೂ, ೨೦೨೫ರ ಜುಲೈ ೧೫ರಂದು ಸರ್ಕಾರವು ಆ ಪ್ರಸ್ತಾಪವನ್ನು ಕೈಬಿಟ್ಟದ್ದೂ ಈಚಿನ ಸಂಗತಿಗಳು. ಇಂತಹ ಸೀಮೆಯಲ್ಲಿ ದಾಖಲೆಯ ಒಂದು ಸಾಲು ಒಂದು ಕುಟುಂಬದ ಬಾಳುವೆ. ಆದುದರಿಂದ ಅದು ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಕೇವಲ ತಾಂತ್ರಿಕ ವಿಚಾರವಾಗಲಾರದು.

೪. ಒಂದೆಡೆ ಕೂಡಿಸುವುದರಿಂದಾಗುವ ಅಪಾಯ

ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಇತಿಹಾಸವೂ ಹೆಚ್ಚುಕಡಿಮೆ ಇದೇ ದಾರಿಯದು. ಮೊದಲು ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ನಡೆಯುತ್ತಿದ್ದ ವ್ಯವಸ್ಥೆಯ ಸ್ಥಾನದಲ್ಲಿ, ೨೦೨೩ರಲ್ಲಿ ಜಾಲದ ಮೂಲಕ ನಡೆಯುವ ‘ಕಾವೇರಿ ೨.೦’ ಬಂತು. ಇದರಿಂದ ಜನರಿಗೆ ಅನುಕೂಲವಾದುದು ನಿಜ. ಆದರೆ ೨೦೨೫ರ ಜನವರಿಯಲ್ಲಿ ಈ ಸೇವೆ ತೀವ್ರವಾಗಿ ಕುಂಠಿತವಾಯಿತು. ಸುಳ್ಳು ಖಾತೆಗಳನ್ನು ತೆರೆದು, ಸ್ವಯಂಚಾಲಿತ ಕಾರ್ಯಕ್ರಮಗಳಿಂದ ಋಣಭಾರ ಪ್ರಮಾಣಪತ್ರದ ಶೋಧಗಳನ್ನು ಅಪಾರ ಸಂಖ್ಯೆಯಲ್ಲಿ ಸುರಿದುದೇ ಕಾರಣವೆಂದು ತನಿಖೆಯಿಂದ ಹೊರಬಂತು. ಒಂದು ಕಚೇರಿಯ ಯಂತ್ರ ಕೆಟ್ಟರೆ ಒಂದು ಕಚೇರಿಯ ನೋಂದಣಿ ನಿಲ್ಲುತ್ತಿದ್ದ ಕಾಲ ಹೋಗಿ, ಒಂದು ದ್ವಾರ ಮುಚ್ಚಿದರೆ ಇಡೀ ರಾಜ್ಯದ ನೋಂದಣಿ ತೊಡಕಿಗೆ ಸಿಕ್ಕುವ ಕಾಲ ಬಂದಿದೆ. ಏಜೆಂಟನ್ನು ಬಳಸುವವರಿಗೆ ಇದರಲ್ಲಿ ಮತ್ತೊಂದು ಎಚ್ಚರಿಕೆಯಿದೆ. ಮಿತಿಯಿಲ್ಲದೆ ಬಿಟ್ಟ ಒಳ್ಳೆಯ ಏಜೆಂಟೂ ಸಾರ್ವಜನಿಕ ಸೇವೆಯೊಂದರ ಮೇಲೆ ಇದೇ ಬಗೆಯ ಭಾರವನ್ನು ಹೇರಬಲ್ಲುದು.

ಸೇವಾಧೀನ ನೆಲೆಯಲ್ಲಿ ದತ್ತವು ತಾನಾಗಿಯೇ ಸುರಕ್ಷಿತವೆಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ದಕ್ಷಿಣ ಕೊರಿಯದ ಉದಾಹರಣೆ ಸಾಕು. ೨೦೨೫ರ ಸೆಪ್ಟೆಂಬರ್ ೨೬ರಂದು ಡೇಜಾನ್ ನಗರದ ಸರ್ಕಾರಿ ದತ್ತಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹೊತ್ತಿ ೭೦೯ ಸರ್ಕಾರಿ ವ್ಯವಸ್ಥೆಗಳು ನಿಂತುಹೋದುವು. ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಸಂಗ್ರಹವೊಂದಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ. ಅದರಲ್ಲಿದ್ದ ೮೫೮ ಟೆರಾಬೈಟ್ ದತ್ತ ನಾಶವಾಯಿತು. ಪರರಿಗೆ ವಹಿಸಿಕೊಡುವುದು ಬೇರೆ, ಪ್ರತಿ ಇಡುವುದು ಬೇರೆ.

ಹಾಗೆಂದು ಮನೆಯ ಯಂತ್ರವೇ ಕ್ಷೇಮವೆನ್ನಲೂ ಬಾರದು. ೨೦೨೧ರ ಡಿಸೆಂಬರಿನಲ್ಲಿ ‘ಲಾಗ್ ಫೋರ್ ಜೆ’ ಎಂಬ ಬಹುಬಳಕೆಯ ತಂತ್ರಾಂಶ ಭಾಗದಲ್ಲಿ ದೊಡ್ಡ ದೋಷವೊಂದು ಬಯಲಾದಾಗ, ಲೋಕದಾದ್ಯಂತ ಸ್ವಂತ ಸರ್ವರುಗಳನ್ನು ಇಟ್ಟುಕೊಂಡಿದ್ದವರು ತಮ್ಮಲ್ಲಿ ಅದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಬೇಕಾಯಿತು. ಅದನ್ನು ಅಂದೇ ಮಾಡಬಲ್ಲ ಸಿಬ್ಬಂದಿಯಿಲ್ಲದ ಸಂಸ್ಥೆಗೆ ಸ್ವಾಧೀನ ನೆಲೆಯೆಂಬುದು ಬೀಗವಿಲ್ಲದ ಸ್ವಂತ ಮನೆಯಂತೆ.

೫. ಸಾಗಿಸುವಾಗ ಬದಲಾಗುವ ಸಂಗತಿಗಳು

ವಿಷಯ ವಿಶದವಾಗಲೆಂದು ಹೊಸಕೋಟೆಯ ಆಸುಪಾಸಿನ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಅಲ್ಲಿಯ ಪ್ರಯೋಗಶಾಲೆಯ ಕಂಪ್ಯೂಟರೊಂದರಲ್ಲಿ ಏಜೆಂಟೊಂದು ನಡೆಯುತ್ತಿದೆ. ವಿದ್ಯಾರ್ಥಿವೇತನದ ಅರ್ಜಿಗಳೊಡನೆ ಬಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಓದಿ, ಕೊರತೆಯಿದ್ದವರಿಗೆ ಸೂಚನೆ ಕಳುಹಿಸುವುದು ಅದರ ಕೆಲಸ. ಅದನ್ನು ಕಟ್ಟಿದ ಅಧ್ಯಾಪಕರಿಗೆ ಬೇರೆ ಊರಿಗೆ ವರ್ಗವಾಗಿದೆ. ಗುಪ್ತಪದಗಳು ಅವರೊಬ್ಬರಿಗೇ ಗೊತ್ತು. ಶಾನುಭೋಗರ ಮನೆಯ ದಫ್ತರದ ಸ್ಥಿತಿಯೇ ಇಲ್ಲಿ ಮರುಕಳಿಸಿದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಕಾಲೇಜು ಸೇವಾಧೀನ ನೆಲೆಗೆ ಹೋಗಲು ಯೋಚಿಸುವುದು ಸಹಜವೇ.

ಆ ಏಜೆಂಟು, ೨೦೧೯ರಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾದ ‘ಎನ್‌ಏಟ್‌ಎನ್’ ಎಂಬ ಪ್ರಸಿದ್ಧ ತಂತ್ರಾಂಶದ ಮೇಲೆ ಕಟ್ಟಿದ್ದೆಂದು ಭಾವಿಸೋಣ. ಇದನ್ನು ಸ್ವಂತ ಯಂತ್ರದಲ್ಲಿಯೂ ನಡೆಸಬಹುದು, ಆ ಕಂಪನಿಯ ನೆಲೆಯಲ್ಲಿಯೂ ನಡೆಸಬಹುದು. ಕಾರ್ಯಸೂತ್ರಗಳನ್ನು ಕಡತವಾಗಿ ತೆಗೆದು ಹೊಸ ನೆಲೆಯಲ್ಲಿ ಇಡುವುದು ಕೆಲವು ನಿಮಿಷಗಳ ಕೆಲಸ. ತೊಡಕುಗಳೆಲ್ಲ ಉಳಿದ ಅಂಗಗಳಲ್ಲಿವೆ.

ಮೊದಲು ಕೀಲಿಗಳು. ಗುಪ್ತಪದಗಳನ್ನು ಈ ತಂತ್ರಾಂಶವು ಗೂಢಲಿಪಿಯಲ್ಲಿ ಇಡುತ್ತದೆ. ಅದನ್ನು ಬಿಡಿಸುವ ಮೂಲಕೀಲಿಯೊಂದು ಹಳೆಯ ಯಂತ್ರದಲ್ಲಿರುತ್ತದೆ. ಯಂತ್ರವನ್ನು ಅಳಿಸಿ ಮೂಲಕೀಲಿಯನ್ನು ಕಳೆದುಕೊಂಡರೆ ಉಳಿಸಿಟ್ಟ ಪ್ರತಿಯಿಂದ ಗುಪ್ತಪದಗಳು ಮರಳಿ ದೊರೆಯವು. ಗೂಢಲಿಪಿಯನ್ನು ಬಿಡಿಸಿ ಸಾಗಿಸುವುದೂ ಸಾಧ್ಯವೇ. ಆದರೆ ಆಗ ಎಲ್ಲ ಬಾಗಿಲುಗಳ ಕೀಲಿಗೊಂಚಲೂ ಒಂದು ಬರಿಯ ಕಡತದಲ್ಲಿ ಬೆತ್ತಲೆಯಾಗಿ ಸಂಚರಿಸುತ್ತದೆ. ಆದುದರಿಂದ ಹಳೆಯ ಕೀಲಿಗಳನ್ನು ಸಾಗಿಸದೆ, ಹೊಸ ನೆಲೆಗೆ ಹೊಸ ಕೀಲಿಗಳನ್ನು ಪಡೆದು, ಹಳೆಯವನ್ನು ರದ್ದುಗೊಳಿಸುವುದೇ ಉತ್ತಮ ಮಾರ್ಗ.

ಎರಡನೆಯದು ವಿಳಾಸ. ಹೊರಗಿನ ಸೇವೆಗಳು ಏಜೆಂಟನ್ನು ಎಚ್ಚರಿಸಲು ಒಂದು ಜಾಲವಿಳಾಸವನ್ನು ಬಳಸುತ್ತವೆ. ನೆಲೆ ಬದಲಾದರೆ ವಿಳಾಸವೂ ಬದಲಾಗುತ್ತದೆ. ಹೇಳಬೇಕಾದವರಿಗೆಲ್ಲ ಹೇಳದಿದ್ದರೆ ಸುದ್ದಿಗಳು ಬರಿದಾದ ಮನೆಯ ಬಾಗಿಲನ್ನು ತಟ್ಟಿ ಹಿಂದಿರುಗುತ್ತವೆ. ಯಾವ ದೋಷಸೂಚನೆಯೂ ಬರುವುದಿಲ್ಲ. ಅರ್ಜಿಗಳು ಬರುವುದು ನಿಂತಂತೆ ತೋರುತ್ತದೆ, ಅಷ್ಟೆ. ಸಂಸ್ಥೆಯು ತನ್ನದೇ ಹೆಸರಿನ ವಿಳಾಸವೊಂದನ್ನು ಮೊದಲಿನಿಂದಲೂ ಬಳಸುತ್ತಿದ್ದರೆ ನೆಲೆ ಬದಲಾದರೂ ಹೆಸರು ಉಳಿಯುತ್ತದೆ.

ಮೂರನೆಯದು ಕಾಲ. ಮೇಲೆ ಹೇಳಿದ ತಂತ್ರಾಂಶದಲ್ಲಿ ಬೇರೆ ಸೂಚನೆ ಕೊಡದಿದ್ದರೆ ಗಡಿಯಾರವು ನ್ಯೂಯಾರ್ಕ್ ನಗರದ್ದು. ಬೆಳಗ್ಗೆ ೯ ಗಂಟೆಗೆಂದು ಬರೆದ ಕೆಲಸವು ಬೇಸಿಗೆಯಲ್ಲಿ ನಮ್ಮ ಸಂಜೆ ೬-೩೦ಕ್ಕೂ ಚಳಿಗಾಲದಲ್ಲಿ ೭-೩೦ಕ್ಕೂ ನಡೆಯುತ್ತದೆ. ಕೊನೆಯ ದಿನದ ಬೆಳಗ್ಗೆ ಹೋಗಬೇಕಾದ ಸೂಚನೆ ಕಚೇರಿ ಮುಚ್ಚಿದ ಮೇಲೆ ಹೋದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ವೇತನ ತಪ್ಪಬಹುದು. ಹಳೆಯ ಯಂತ್ರದಲ್ಲಿ ಯಾರೋ ಎಂದೋ ಸರಿಪಡಿಸಿಟ್ಟ ಇಂತಹ ವಿವರಗಳು ಕಾರ್ಯಸೂತ್ರದ ಕಡತದಲ್ಲಿಯೇ ಬರಬೇಕೆಂದಿಲ್ಲ.

ನಾಲ್ಕನೆಯದು ದ್ವಂದ್ವ. ಹೊಸದನ್ನು ಪರೀಕ್ಷಿಸುವಾಗ ಹಳೆಯದನ್ನು ನಿಲ್ಲಿಸದಿದ್ದರೆ ಒಂದೇ ಅರ್ಜಿಯನ್ನು ಎರಡು ಏಜೆಂಟುಗಳು ತೆಗೆದುಕೊಂಡು ಎರಡು ಉತ್ತರಗಳನ್ನು ಕಳುಹಿಸುತ್ತವೆ. ಭಾಷಾಮಾದರಿಯು ಒಂದೇ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಮಾತಿನಲ್ಲಿ ಉತ್ತರಿಸುವುದಿಲ್ಲವಾದ್ದರಿಂದ ಆ ಎರಡು ಉತ್ತರಗಳು ಪರಸ್ಪರ ವಿರುದ್ಧವಾಗಿಯೂ ಇರಬಹುದು. ಕೈಬರಹದ ಪಹಣಿಯನ್ನು ನಿಲ್ಲಿಸಿದ ವಿವೇಕ ಇಲ್ಲಿಯೂ ಸಲ್ಲುತ್ತದೆ. ಪರೀಕ್ಷೆಯ ಅವಧಿಯಲ್ಲಿ ಹೊಸ ಏಜೆಂಟು ಓದಿ ಬರೆದಿಡಲಿ, ಕಳುಹಿಸದಿರಲಿ. ಗೊತ್ತುಪಡಿಸಿದ ದಿನದಂದು ಹಳೆಯದು ನಿಂತು ಹೊಸದು ಆರಂಭವಾಗಲಿ.

೬. ಕನ್ನಡಕ್ಕೆ ವಿಶಿಷ್ಟವಾದ ತೊಡಕುಗಳು

ಅನ್ಯಭಾಷೆಯವರಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಕಾಣದ ಕೆಲವು ತೊಡಕುಗಳು ನಮಗುಂಟು. ಯೂನಿಕೋಡ್ ಸಂಕೇತಕ್ಕೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಪ್ರಯೋಗಶಾಲೆಯ ಕಂಪ್ಯೂಟರಿನಲ್ಲಿ ಫಾಂಟು ಇದ್ದುದರಿಂದ ಮನುಷ್ಯರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಭಾಷಾಮಾದರಿಯಾದರೋ ಆಕಾರವನ್ನು ನೋಡದೆ ಸಂಕೇತವನ್ನು ಓದುತ್ತದೆ. ಆದುದರಿಂದ ಅಂತಹ ಕಡತಗಳನ್ನು ಸಾಗಿಸುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಬೇಕು.

ಯೂನಿಕೋಡಿನೊಳಗೂ ಒಂದು ಸೂಕ್ಷ್ಮವಿದೆ. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎರಡು ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ದೀರ್ಘ ಈಕಾರ, ಏಕಾರ, ಐಕಾರ, ಒಕಾರ, ಓಕಾರಗಳ ಚಿಹ್ನೆಗಳು ಈ ಜಾತಿಯವು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ದೊಡ್ಡಬಳ್ಳಾಪುರದಲ್ಲಿ ಒಕಾರವಿದೆ, ದೇವನಹಳ್ಳಿಯಲ್ಲಿ ಏಕಾರವಿದೆ, ಹೊಸಕೋಟೆಯಲ್ಲಿ ಒಕಾರವೂ ಓಕಾರವೂ ಇವೆ. ನೆಲಮಂಗಲವೊಂದೇ ಈ ದ್ವಿರೂಪದಿಂದ ಪಾರಾಗಿರುವುದು. ಹಳೆಯ ದತ್ತದಲ್ಲಿ ಒಂದು ರೂಪವೂ ಹೊಸ ನೆಲೆಯ ಪಟ್ಟಿಯಲ್ಲಿ ಇನ್ನೊಂದು ರೂಪವೂ ಇದ್ದರೆ, ಹೊಸಕೋಟೆಯ ವಿದ್ಯಾರ್ಥಿಯು ಹೊಸಕೋಟೆಯವನಲ್ಲವೆಂದು ಯಂತ್ರವು ತೀರ್ಮಾನಿಸುತ್ತದೆ. ಎಲ್ಲ ಹೆಸರುಗಳನ್ನೂ ಹೋಲಿಸುವ ಮೊದಲು ಒಂದೇ ಪ್ರಮಾಣರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಅದಕ್ಕೆ ಬೇಕಾದ ಸಿದ್ಧ ವಿಧಾನಗಳು ಬಹುತೇಕ ಎಲ್ಲ ಗಣಕಭಾಷೆಗಳಲ್ಲಿಯೂ ದೊರೆಯುತ್ತವೆ.

ಹೆಸರುಗಳೇ ಬದಲಾಗುವುದೂ ಉಂಟು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ೨೦೨೫ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಜಿಲ್ಲೆಯ ಹೆಸರನ್ನು ಕಾರ್ಯಸೂತ್ರದ ಹತ್ತು ಕಡೆ ಬರೆದಿಟ್ಟವರು ಹತ್ತು ಕಡೆ ತಿದ್ದಬೇಕು. ಒಂದು ಪಟ್ಟಿಯಲ್ಲಿ ಇಟ್ಟವರು ಒಂದು ಕಡೆ ತಿದ್ದಿದರೆ ಸಾಕು. ಸ್ಥಳಾಂತರವು ಇಂತಹ ಅಚ್ಚುಕಟ್ಟಿಗೆ ಒಳ್ಳೆಯ ಸಂದರ್ಭ.

ಕೊನೆಯದಾಗಿ ಖರ್ಚಿನ ಮಾತು. ಯೂನಿಕೋಡಿನ ಸಾಮಾನ್ಯ ಸಂಗ್ರಹಕ್ರಮದಲ್ಲಿ ರೋಮನ್ ಅಕ್ಷರಕ್ಕೆ ೧ ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೂ ೩ ಬೈಟ್ ಬೇಕು. ‘ಬೆಂಗಳೂರು’ ಎಂಬ ಶಬ್ದದಲ್ಲಿ ೮ ಸಂಕೇತಗಳಿದ್ದು ಅದಕ್ಕೆ ೨೪ ಬೈಟುಗಳಾಗುತ್ತವೆ. ರೋಮನ್ ಲಿಪಿಯಲ್ಲಿ ಬರೆದರೆ ೯. ಭಾಷಾಮಾದರಿಗಳು ಪಠ್ಯವನ್ನು ‘ಟೋಕನ್’ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ. ಮುಖ್ಯವಾಗಿ ಇಂಗ್ಲಿಷ್ ಪಠ್ಯದಿಂದ ತರಬೇತಾದ ಮಾದರಿಗಳಲ್ಲಿ ಕನ್ನಡವು ಹೆಚ್ಚು ತುಣುಕುಗಳಾಗಿ ಒಡೆಯುತ್ತದೆ. ತುಣುಕಿನ ಲೆಕ್ಕದಲ್ಲಿ ಶುಲ್ಕ ವಿಧಿಸುವ ಸೇವೆಯಲ್ಲಿ ಅದೇ ಅರ್ಜಿಯು ಕನ್ನಡದಲ್ಲಿದ್ದರೆ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಆದುದರಿಂದ ಇಂಗ್ಲಿಷಿನ ಅಂದಾಜನ್ನು ನಂಬದೆ, ತಮ್ಮವೇ ನೂರು ಕನ್ನಡ ಪತ್ರಗಳನ್ನು ಓದಿಸಿ ಅಳೆದು ನೋಡುವುದು ಲೇಸು. ಎದುರು ತಟ್ಟೆಯಲ್ಲಿ ಸ್ವಂತ ಯಂತ್ರದ ಖರ್ಚನ್ನೂ ಇಡಬೇಕು: ೧೦೦ ವಾಟ್ ಬಳಸುವ ಕಂಪ್ಯೂಟರು ಹಗಲಿರುಳು ನಡೆದರೆ ತಿಂಗಳಿಗೆ ೭೨ ಯೂನಿಟ್ ವಿದ್ಯುತ್ತು, ಅದರ ಮೇಲೆ ಯು.ಪಿ.ಎಸ್., ಬ್ಯಾಟರಿ, ದುರಸ್ತಿ, ಎಲ್ಲಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವವರ ವೇಳೆ.

೭. ಹೊಣೆಯ ಪ್ರಶ್ನೆ

ಯಂತ್ರವನ್ನು ಪರರ ವಶಕ್ಕೆ ಕೊಟ್ಟ ಮಾತ್ರಕ್ಕೆ ಹೊಣೆಯೂ ಅವರದಾಗುವುದೆ? ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ದತ್ತವನ್ನು ಯಾವ ಉದ್ದೇಶಕ್ಕಾಗಿ ಹೇಗೆ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಯೇ ಹೊಣೆಗಾರ; ಅದರ ಪರವಾಗಿ ಕೆಲಸ ಮಾಡುವ ಸೇವಾಸಂಸ್ಥೆಯ ತಪ್ಪಿಗೂ ಅದೇ ಉತ್ತರ ಹೇಳಬೇಕು. ಅಂತಹ ಸೇವಾಸಂಸ್ಥೆಯನ್ನು ಊರ್ಜಿತವಾದ ಕರಾರಿನ ಮೂಲಕವೇ ನೇಮಿಸಿಕೊಳ್ಳತಕ್ಕದ್ದು. ದತ್ತವನ್ನು ತಕ್ಕಷ್ಟು ಕಾಪಾಡದಿದ್ದರೆ ೨೫೦ ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ೨೦೨೫ರ ನವೆಂಬರಿನಲ್ಲಿ ಇದರ ನಿಯಮಗಳು ಪ್ರಕಟವಾದುವು; ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಅನಂತರ ಜಾರಿಗೆ ಬರುವಂತೆ ಅವುಗಳಲ್ಲಿ ಗೊತ್ತುಪಡಿಸಿದೆ. ಇದಲ್ಲದೆ ೨೦೨೨ರ ಏಪ್ರಿಲ್ ೨೮ರಂದು ಸರ್ಟ್-ಇನ್ ಸಂಸ್ಥೆ ಹೊರಡಿಸಿದ ಆದೇಶದ ಪ್ರಕಾರ ಗಣಕ ವ್ಯವಸ್ಥೆಗಳ ದಿನಚರಿಯನ್ನು ೧೮೦ ದಿನಗಳ ಮಟ್ಟಿಗೆ ಉಳಿಸಿಡಬೇಕು. ಆದೇಶದಲ್ಲಿ ಹೆಸರಿಸಿದ ಬಗೆಯ ದುರ್ಘಟನೆಗಳನ್ನು ತಿಳಿದ ೬ ಗಂಟೆಗಳೊಳಗೆ ವರದಿ ಮಾಡಬೇಕು. ಸೇವಾಸಂಸ್ಥೆಯು ದಿನಚರಿಯನ್ನು ಅಷ್ಟು ಕಾಲ ಇಟ್ಟು ಕೇಳಿದಾಗ ಕೊಡುವುದೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ನೆಲೆ ಬದಲಾದರೂ ಬದಲಾಗದ ಮತ್ತೊಂದು ಅಪಾಯವನ್ನು ಇಲ್ಲಿಯೇ ಹೇಳಬೇಕು. ಏಜೆಂಟು ಓದುವ ಪತ್ರದಲ್ಲಿಯೇ ಯಾರಾದರೂ ಅದಕ್ಕೆ ಆಜ್ಞೆಯೊಂದನ್ನು ಅಡಗಿಸಿ ಬರೆದರ, ಭಾಷಾಮಾದರಿಯು ಓದಬೇಕಾದ ವಿಷಯವನ್ನೂ ಪಾಲಿಸಬೇಕಾದ ಆಜ್ಞೆಯನ್ನೂ ಬೇರ್ಪಡಿಸಲಾರದೆ ಮೋಸಹೋಗಬಹುದು. ಎಷ್ಟು ಭದ್ರವಾದ ದತ್ತಕೇಂದ್ರವೂ ಇದನ್ನು ತಡೆಯಲಾರದು. ಏಜೆಂಟಿಗೆ ಕೊಟ್ಟ ಅಧಿಕಾರವನ್ನು ಸಂಕೋಚಗೊಳಿಸುವುದೂ, ಹಿಂತೆಗೆಯಲಾಗದ ಪ್ರತಿಯೊಂದು ಕಾರ್ಯಕ್ಕೂ ಮನುಷ್ಯನೊಬ್ಬನ ಒಪ್ಪಿಗೆಯನ್ನು ಕಡ್ಡಾಯ ಮಾಡುವುದೂ ಸದ್ಯಕ್ಕಿರುವ ನಂಬಲರ್ಹ ಉಪಾಯಗಳು. ಭೂಮಿಯಲ್ಲಿ ಬೆರಳಚ್ಚು ಮಾಡಿದ ಕೆಲಸ ಇದೇ.

೮. ಒಂದು ಆಕ್ಷೇಪ ಮತ್ತು ಸಮಾಧಾನ

ಇಷ್ಟೆಲ್ಲ ತೊಡಕುಗಳಿರುವಾಗ ಇದ್ದಲ್ಲಿಯೇ ಇರುವುದು ಮೇಲಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ತಕ್ಕ ಸಿಬ್ಬಂದಿಯುಳ್ಳ ಸಂಸ್ಥೆಯ ವಿಷಯದಲ್ಲಿ ಈ ಮಾತು ಸರಿ. ಆದರೆ ಒಬ್ಬನ ನೆನಪಿನ ಮೇಲೆ ನಿಂತ ವ್ಯವಸ್ಥೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಸಲ್ಲದು. ಅದು ಆ ಒಬ್ಬನಿಗೆ ಅಧೀನವಾದ ಸ್ಥಿತಿ. ಇನ್ನೊಂದು ಕಡೆ, ಹೊರಬರುವ ದಾರಿಯನ್ನು ತಿಳಿಯದೆ ಸೇವಾಧೀನ ನೆಲೆಯನ್ನು ಹೊಗುವುದು ಒಬ್ಬನ ಅಧೀನತೆಯನ್ನು ಕಳಚಿ ಮತ್ತೊಬ್ಬನ ಅಧೀನತೆಯನ್ನು ತೊಟ್ಟಂತೆ. ಆದುದರಿಂದ ಎರಡು ನೆಲೆಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗಿಂತ, ಎರಡರಲ್ಲಿಯೂ ಸಂಸ್ಥೆಯ ಕೈಯಲ್ಲಿ ಉಳಿಯಬೇಕಾದುದು ಯಾವುದೆಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಈ ವಿವೇಚನೆಯಿಂದ ದೊರೆಯುವ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಯಂತ್ರವನ್ನೂ ಅದರ ಪಾಲನೆಯನ್ನೂ ಬಿಟ್ಟುಕೊಡಬಹುದು. ಭಾಷಾಮಾದರಿಯನ್ನು ಬಾಡಿಗೆಗೆ ಪಡೆಯಬಹುದು, ಪತ್ರದಲ್ಲಿ ಅನಾವಶ್ಯಕವಾದ ವೈಯಕ್ತಿಕ ವಿವರಗಳನ್ನು ತೆಗೆದು ಕಳುಹಿಸುವುದಾದರೆ. ಕೀಲಿಗಳನ್ನು ಕೊಡುವ ಮತ್ತು ರದ್ದುಪಡಿಸುವ ಅಧಿಕಾರ, ಕಾರ್ಯಸೂತ್ರದ ಪ್ರತಿ, ನೆನಪಿನ ಪ್ರತಿ, ದಿನಚರಿಯ ಪ್ರತಿ, ಸಂಸ್ಥೆಯ ಹೆಸರಿನ ವಿಳಾಸ ಇವು ಐದೂ ಸಂಸ್ಥೆಯ ವಶದಲ್ಲಿಯೇ ಇರಬೇಕು. ಅವು ಒಬ್ಬ ವ್ಯಕ್ತಿಯ ವಶದಲ್ಲಿ ಇರದೆ, ಹುದ್ದೆಗೆ ಸೇರಿ, ಬರಹದಲ್ಲಿ ದಾಖಲಾಗಿ, ಕನಿಷ್ಠ ಇಬ್ಬರಿಗೆ ತಿಳಿದಿರಬೇಕು. ಪ್ರತಿಯಿಂದ ಏಜೆಂಟನ್ನು ಬೇರೊಂದು ಯಂತ್ರದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವ ಪ್ರಯೋಗವನ್ನು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಅದು ಪಾಠವೂ ಆಗುತ್ತದೆ, ಪರೀಕ್ಷೆಯೂ ಆಗುತ್ತದೆ. ಆ ಪ್ರಯೋಗದಲ್ಲಿ ತೇರ್ಗಡೆಯಾದ ಸಂಸ್ಥೆ ಯಾವ ನೆಲೆಯಲ್ಲಿದ್ದರೂ ಸ್ವತಂತ್ರ. ಆಗದ ಸಂಸ್ಥೆಗೆ ಯಾವ ನೆಲೆಯೂ ತನ್ನದಲ್ಲ.